ಬಾಜಾಪೆಟ್ಟಿಗೆಯೊಳಗಿನ ಕಂಪ್ಯೂಟರು

ಶೀಲಕ್ಕ ನನಗೆ ಪಗಾರ ಕೊಡುವುದು ಕೆಲಸ ಮಾಡಿದ್ದಕ್ಕೋ ಬೈಸಿಕೊಂಡಿದ್ದಕ್ಕೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಎರಡನ್ನೂ ತಕ್ಕಡಿಯಲ್ಲಿಟ್ಟು ತೂಗಿದರೆ ಬೈಸಿಕೊಂಡದ್ದೇ ಕೆಳಗೆ ಕೂರುತ್ತದೆ. ನನ್ನ ಹೆಸರು ವಿವೇಕಾನಂದ. ಕುಸನೂರಿನಲ್ಲಿ ಬಾಡಿಗೆ ಕೋಣೆ, ಕಲಬುರಗಿಯ ಗಾಜಿಪುರದಲ್ಲಿ ನೌಕರಿ, ಬಿಸಿಎ ಪದವಿ ಊರಿನ ಮನೆಯ ಗೋಡೆಯ ಮೇಲೆ ಗಾಜಿನ ಚೌಕಟ್ಟಿನೊಳಗೆ ಸುಖವಾಗಿದೆ. ಕೆಲಸಕ್ಕೆ ಸೇರಿದ ಮೊದಲ ದಿನವೇ ಶೀಲಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಹೆಸರು ನಿನಗ ಸಡಲ ಆಗ್ಯದಲ್ಲೋ, ಉದರಿ ಬೀಳ್ತದ,” ಎಂದು ಅದನ್ನು ಕತ್ತರಿಸಿ ‘ವಿವ್ಯಾ’ ಮಾಡಿದರು. ಅಂದಿನಿಂದ ಅದೇ ಅಳತೆ.

ಗಾಜಿಪುರದ ಒಳಓಣಿಯಲ್ಲಿರುವ ಅಂಗಡಿಯ ಹೆಸರು ‘ಶೀಲಾ ಕಂಪ್ಯೂಟರ್ಸ್’. ಬೋರ್ಡು ಬಹುವಚನದಲ್ಲಿದ್ದರೂ ಕಂಪ್ಯೂಟರು ಒಂದೇ. ಲಗ್ನಪತ್ರಿಕೆ, ತೊಟ್ಟಿಲ ಕಾರ್ಡು, ಪುಣ್ಯಸ್ಮರಣೆಯ ಬ್ಯಾನರು: ಮನುಷ್ಯ ಹುಟ್ಟಿದ ಮೇಲೆ ಸಾಯುವತನಕವಷ್ಟೇ ಅಲ್ಲ, ಸತ್ತ ಮೇಲೂ ಶೀಲಕ್ಕನ ಕೈಯಿಂದ ತಪ್ಪಿಸಿಕೊಳ್ಳಲಾರ. ಅಕ್ಷರ ಜೋಡಿಸುವವರು ಅವರು. ಜೋಡಿಸಿದ್ದನ್ನು ಪ್ರೆಸ್ಸಿಗೆ ಒಯ್ಯುವುದು, ಚಹಾ ತರುವುದು, ಅವರಿಗೂ ಗಿರಾಕಿಗೂ ನಡುವೆ ನಿಂತು ಎರಡೂ ಕಡೆಯ ಪೆಟ್ಟು ತಿನ್ನುವುದು ನನ್ನ ಪಾಲಿಗೆ.

ಶೀಲಕ್ಕ ಹುಟ್ಟಿದ್ದು ಕಮಲಾಪುರ, ಸೊಸೆಯಾಗಿ ಬಂದದ್ದು ಗಾಜಿಪುರ. ಬಂದ ಹೊಸತರಲ್ಲಿ ಇದೇ ಓಣಿಯ ಟೈಪಿಂಗ್ ಶಾಲೆಯಲ್ಲಿ ಕಲಿತು, ಅಲ್ಲೇ ಕಲಿಸಿ, ಶಾಲೆ ಮುಚ್ಚಿದಾಗ ಅಲ್ಲಿನ ಒಂದು ಮರದ ಕುರ್ಚಿಯನ್ನು ತಲೆಯ ಮೇಲೆ ಹೊತ್ತುಕೊಂಡು ಬಂದರಂತೆ. ಆ ಕುರ್ಚಿಯ ಮೇಲೆ ಇನ್ನೊಬ್ಬರು ಕೂತದ್ದನ್ನು ನಾನು ನೋಡಿಲ್ಲ. ಟೈಪ್‌ರೈಟರಿನ ಮೇಲೆ ಪಳಗಿದ ಬೆರಳಾದ್ದರಿಂದ ಕೀಬೋರ್ಡನ್ನು ಅವರು ಒತ್ತುವುದಿಲ್ಲ, ಬಡಿಯುತ್ತಾರೆ. ಒಂದೊಂದು ಹೆಸರನ್ನೂ ಬಡಿಯುವಾಗ ಗಟ್ಟಿಯಾಗಿ ಓದುತ್ತಾರೆ. ಓಣಿಯ ಆ ತುದಿಯಲ್ಲಿ ತರಕಾರಿ ಕೊಳ್ಳುತ್ತಿರುವವರಿಗೂ ಯಾರ ಮನೆಯಲ್ಲಿ ಲಗ್ನ ಎಂಬುದು ಗೊತ್ತಾಗುತ್ತದೆ. ಯಜಮಾನರಿಗೆ ಬೀದರಿನಲ್ಲಿ ನೌಕರಿ. ಶನಿವಾರ ಬರುತ್ತಾರೆ, ಸೋಮವಾರ ನಸುಕಿನಲ್ಲೇ ಬಸ್ಸು ಹಿಡಿಯುತ್ತಾರೆ. ಇಲ್ಲಿಗೆ ವರ್ಗಾವಣೆ ಕೇಳಿಕೊಳ್ಳಬಹುದಿತ್ತಲ್ಲ ಎಂದು ಅವರನ್ನು ಯಾರೂ ಕೇಳುವುದಿಲ್ಲ. ಎಲ್ಲರಿಗೂ ಶೀಲಕ್ಕ ಗೊತ್ತು.

ಅವರ ಬಾಯಿಗೆ ಹೆದರದವರಿಲ್ಲ. ಆದರೂ ಕಮಲಾಪುರದ ಕಾರ್ಡುಗಳೆಲ್ಲ ಇಲ್ಲಿಗೇ ಬರುತ್ತಿದ್ದವು. ಕಾರ್ಡಿನ ತೀರ ಕೆಳಗೆ, ಸಾಸಿವೆಯಂಥ ಅಕ್ಷರದಲ್ಲಿ, ‘ಅಕ್ಷರ ಜೋಡಣೆ: ಶೀಲಾ ಕಂಪ್ಯೂಟರ್ಸ್, ಗಾಜಿಪುರ’ ಎಂಬ ಸಾಲು ಇರುತ್ತದೆ. ಅದೇ ನಮ್ಮ ಜಾಹೀರಾತು. ಒಂದು ಲಗ್ನದ ಕಾರ್ಡು ಹತ್ತೂರಿಗೆ ಹೋಗುತ್ತದೆ, ಆ ಸಾಲೂ ಹೋಗುತ್ತದೆ, ಮುಂದಿನ ಲಗ್ನದವರನ್ನು ಕೈಹಿಡಿದು ಕರೆತರುತ್ತದೆ.

ಹೋದ ವರ್ಷ ಆ ಸಾಲಿಗೆ ವೈರಿ ಹುಟ್ಟಿಕೊಂಡ. ಹೆಸರು ಕುನಾಲ. ನನಗಿಂತ ಮೊದಲು ಇದೇ ಅಂಗಡಿಯಲ್ಲಿ ನನ್ನ ಜಾಗದಲ್ಲಿದ್ದವನು. ಕೆಲಸ ಪೂರ್ತಿ ಕಲಿತ. ಒಂದು ದಿನ ಶೀಲಕ್ಕ ಇಲ್ಲದಾಗ ಆ ಕುರ್ಚಿಯ ಮೇಲೆ ಕೂತು ಒಂದು ಕಾರ್ಡು ಮುಗಿಸಿದ. ಕಾರ್ಡು ಚೊಕ್ಕವಾಗಿತ್ತಂತೆ. ಅದೇ ತಪ್ಪಾಯಿತು. ಇಬ್ಬರ ನಡುವೆ ಆದ ಮಾತು ನನಗೆ ಗೊತ್ತಿಲ್ಲ. ಅವನು ತನ್ನೂರು ಕಮಲಾಪುರಕ್ಕೆ ಹೋಗಿ ಬಸ್‌ಸ್ಟ್ಯಾಂಡಿನ ಎದುರು ‘ಕುನಾಲ ಡಿಜಿಟಲ್ಸ್’ ತೆರೆದ. ಒಂದು ಹಳೆಯ ಲ್ಯಾಪ್‌ಟಾಪನ್ನು ಬಗಲಲ್ಲಿ ಹಿಡಿದು ಗಿರಾಕಿಗಳ ಮನೆಗೇ ಹೋಗಲು ಶುರು ಮಾಡಿದ. ನಮ್ಮ ಕಮಲಾಪುರದ ಕಾರ್ಡುಗಳು ಒಂದೊಂದಾಗಿ ಹಾದಿಯಲ್ಲೇ ಇಳಿದುಕೊಳ್ಳತೊಡಗಿದವು.

ಉಳಿದದ್ದು ದೌಲಪ್ಪನವರ ಮನೆ. ಕೆಂಪು ಬಾಳೆಯ ತೋಟದವರು, ಕಮಲಾಪುರದಲ್ಲಿ ಅವರು ಚಪ್ಪಲಿ ಬದಲಾಯಿಸಿದರೆ ಊರು ಬದಲಾಯಿಸುತ್ತದೆ ಎನ್ನುವಂಥ ಮನೆತನ. ಅವರ ಕಾರ್ಡು ಯಾರು ಮಾಡುತ್ತಾರೋ ಉಳಿದವರದೂ ಅವರೇ. ಆ ಮನೆಯದೊಂದು ಪದ್ಧತಿಯಿದೆ. ಕಾರ್ಡಿನಲ್ಲಿ ಬರುವ ಅಣ್ಣತಮ್ಮಂದಿರು, ಅಳಿಯಂದಿರು, ಲಿಂಗೈಕ್ಯರಾದ ಅಜ್ಜಂದಿರು, ಎಲ್ಲರ ಹೆಸರನ್ನೂ ಮನೆಯ ಹಿರಿಯರು ಕೂಡಿ ಕೂತು ತಮ್ಮ ಕಣ್ಣೆದುರೇ ಹಾಕಿಸಬೇಕು. ಹಿಂದೊಮ್ಮೆ ಒಬ್ಬನ ಕೈಯಲ್ಲಿ ಹೆಸರುಗಳನ್ನು ಬರೆದು ಕಳಿಸಿದ್ದರು. ಬಸ್ಸು ಕಲಬುರಗಿ ಮುಟ್ಟುವಷ್ಟರಲ್ಲಿ ಮೇಲಿದ್ದ ಹೆಸರು ಕೆಳಗೆ ಬಂದಿತ್ತು, ಕೆಳಗಿದ್ದದ್ದು ಮೇಲೆ ಹೋಗಿತ್ತು. ಆಮೇಲೆ ಆ ಮನೆಯಲ್ಲಿ ಯಾರೂ ಯಾರನ್ನೂ ನಂಬಲಿಲ್ಲ. ಲಗ್ನ ಗೊತ್ತಾದಾಗಲೆಲ್ಲ ಒಂದು ಟೆಂಪೊ ತುಂಬ ಹಿರಿಯರು ಗಾಜಿಪುರಕ್ಕೆ ಬಂದು, ನಮ್ಮ ಮಾನಿಟರಿನ ಮುಂದೆ ಕೂತು, ಒಬ್ಬರ ಮೇಲೊಬ್ಬರು ಕಣ್ಣಿಟ್ಟು ಹೆಸರು ಹಾಕಿಸಿ ಹೋಗುತ್ತಿದ್ದರು.

ಈ ಸಲ ಫೋನ್ ಬಂತು. ಶೀಲಕ್ಕ ಸ್ಪೀಕರಿಗೆ ಹಾಕಿದರು.

“ಶೀಲವ್ವ, ನಮ್ಮ ಸೃಷ್ಟಿದು ಲಗ್ನ ಗಟ್ಟಿ ಆಯ್ತವ್ವ,” ಎಂದರು ದೌಲಪ್ಪ.

“ಛಲೋ ಆಯ್ತ್ರಿ. ಯಾವಾಗ ಬರ್ತೀರಿ ಎಲ್ಲಾರು?”

“ನಾವು ಬರಂಗಿಲ್ಲ. ನಮ್ಮ ಮಹಾದೇವಣ್ಣ, ನಾನು ಒಂದೇ ಗಾಡ್ಯಾಗ ಕೂಡಂಗಿಲ್ಲ ಈಗ. ಮನಿ ನಡುವ ಗ್ವಾಡಿ ಎದ್ದದ. ನೀನೇ ಬಾ, ಕಂಪ್ಯೂಟರ್ ತೊಗೊಂಡು.”

“ಕಂಪ್ಯೂಟರ್ ಏನು ಎಮ್ಮಿಕರ ಏನ್ರಿ, ಹಗ್ಗಾ ಹಚ್ಚಿ ಹೊಡ್ಕೊಂಡು ಬರ್ಲಾಕ?”

“ಕುನಾಲ ಬಗಲಾಗ ಹಿಡ್ಕೊಂಡು ಬರ್ತಾನಲ್ಲವ್ವ.”

ಶೀಲಕ್ಕ ಕೀಬೋರ್ಡನ್ನು ದೂರ ತಳ್ಳಿದರು.

“ಬರೂ ಸೋಮವಾರ ಕೂಡ್ತೀವಿ. ಅವನಿಗೂ ಹೇಳೀನಿ, ನಿನಗೂ ಹೇಳೀನಿ. ಯಾರು ಎಲ್ಲಾರ ಕಣ್ಣಮುಂದ ಹೆಸರ ಹಾಕಿ ಮುಗಸ್ತೀರೋ ಕಾರ್ಡ್ ಅವರ್ದು,” ಎಂದು ದೌಲಪ್ಪ ಫೋನ್ ಇಟ್ಟರು.

ನಾನು ಬಾಯಿ ಮುಚ್ಚಿಕೊಂಡಿದ್ದರೆ ಈ ಕತೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಬಿಸಿಎ ಆದವನಿಗೆ ಬಾಯಿ ಮುಚ್ಚುವುದನ್ನು ಯಾವ ಸೆಮಿಸ್ಟರಿನಲ್ಲೂ ಕಲಿಸಿರಲಿಲ್ಲ. “ಅಕ್ಕಾರೀ, ನಾವೂ ಒಂದು ಲ್ಯಾಪ್‌ಟಾಪ್ ತೊಗೊಳ್ಳೂಣ್ರಿ,” ಎಂದೆ.

“ಕುನ್ಯಾ ಬಗಲಾಗ ಹಿಡದಿದ್ದನ್ನ ನಾ ಹಿಡೀಲೇನು? ಅದರ ಕೀಲಿ ನೋಡೀದಿಯೇನು? ಹಪ್ಪಳ ಇದ್ದಂಗ ಅವ. ನಾ ಒಂದು ಸಾಲು ಹೊಡದ್ರ ಪುಡಿ ಆಗ್ತಾವ. ಮತ್ತ ಅದನ್ನ ತೊಡಿಮ್ಯಾಲ ಇಟ್ಕೋಬೇಕಂತ. ಹೊಟ್ಟಿಲೆ ಹುಟ್ಟಿದ ಮಗನ್ನ ಸುದ್ದಾ ನಾ ತೊಡಿಮ್ಯಾಲ ಕೂಡಿಸ್ಕೊಂಡಿಲ್ಲ.”

“ಹಂಗಾರ ನಮ್ಮ ಡೆಸ್ಕ್‌ಟಾಪನ್ನೇ ಹೊತ್ತು ಒಯ್ಯುವಂಗ ಮಾಡಬಹುದ್ರಿ,” ಎಂದೆ. ಎಂದ ಮೇಲೆ ಅದು ಹೇಗೆ ಎಂದು ಯೋಚಿಸಲು ಕೂತೆ. ನನ್ನ ಎಲ್ಲ ಕೆಲಸದ ಕ್ರಮವೂ ಇದೇ.

ಮೊದಲ ಕಲ್ಪನೆ ಆಟೊ. ಹಿಂದಿನ ಸೀಟಿನ ಮೇಲೆ ಮಾನಿಟರು, ಕೆಳಗೆ ಸಿಪಿಯು, ಪಕ್ಕದಲ್ಲಿ ಬ್ಯಾಟರಿ. “ನಾ ಎಲ್ಲಿ ಕೂಡ್ಲಿ, ಟಾಪ್ ಮ್ಯಾಲೇನು?” ಎಂದರು ಶೀಲಕ್ಕ. ಎರಡನೆಯದಕ್ಕೆ ನಾನು ಕಾಗದದ ಮೇಲೆ ಚಿತ್ರ ಬರೆದೆ: ಹಲಗೆಯೊಂದಕ್ಕೆ ಎಲ್ಲವನ್ನೂ ಬಿಗಿದು, ಹಗ್ಗ ಹಾಕಿ ನನ್ನ ಬೆನ್ನಿಗೆ ಕಟ್ಟುವುದು. ದುರುಗಮುರಗಿಯವರು ದೇವಿಯ ಪೆಟ್ಟಿಗೆ ಹೊತ್ತು ಮನೆಮನೆ ತಿರುಗುವುದಿಲ್ಲವೇ, ಹಾಗೆ.

ಶೀಲಕ್ಕ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿದರು. “ಹೊರು. ಮುಂದ ನಾ ಉರಮಿ ಬಾರಸ್ತಾ ಹೋಗ್ತೀನಿ, ಹಿಂದ ನೀ ಬಾರಕೋಲಲೇ ಮೈಮ್ಯಾಲ ಹೊಡ್ಕೊಂತ ಬಾ. ಕಾರ್ಡ್ ಸಿಗಲಿಲ್ಲಂದ್ರ ಒಂದು ಮೊರ ಜೋಳರ ಹಾಕ್ತಾರ.”

ಮೂರನೆಯದನ್ನು ನಾನು ಕಲ್ಪಿಸಲಿಲ್ಲ, ಅದು ತಾನಾಗಿ ಅಟ್ಟದ ಮೇಲಿಂದ ಇಣುಕುತ್ತಿತ್ತು. ನಮ್ಮ ಓಣಿಯ ಭಜನಾ ಮಂಡಳಿಯವರು ತಮ್ಮೊಳಗೆ ಕಚ್ಚಾಡಿ ಎರಡಾದಾಗ, ಅವರ ಹಾರ್ಮೋನಿಯಂ, ಅದೇ ಬಾಜಾಪೆಟ್ಟಿಗೆ, ಆ ಗುಂಪಿಗೂ ಬೇಡ ಈ ಗುಂಪಿಗೂ ಬೇಡ ಎಂದು ನಮ್ಮ ಅಂಗಡಿಯ ಅಟ್ಟಕ್ಕೆ ಎಸೆದಿದ್ದರು. ಗಾಳಿ ಒತ್ತುವ ತಿದಿ ಹರಿದಿತ್ತು, ಸ್ವರ ಸತ್ತಿತ್ತು, ಮರ ಮಾತ್ರ ಗಟ್ಟಿ. ಇಳಿಸಿ ಧೂಳು ಒರೆಸಿ ನೋಡಿದೆ. ಬೆರಳಾಡಿಸುವ ಜಾಗ ಮೊದಲೇ ಇದೆ, ಅಲ್ಲಿ ಕೀಬೋರ್ಡು. ತಿದಿ ಇದ್ದ ಕಡೆ ದೊಡ್ಡ ತೂತು, ಅಲ್ಲಿ ಫ್ಯಾನು. ಹೊಟ್ಟೆಯೊಳಗೆ ಸಿಪಿಯುವಿನ ಕರುಳೆಲ್ಲ. ಮೇಲೆ ಹಿಡಿಕೆ. ಮಾನಿಟರನ್ನು ಮಾತ್ರ ಬೇರೆಯಾಗಿ ಕೌದಿಯಲ್ಲಿ ಸುತ್ತಿ ಒಯ್ದರಾಯಿತು.

“ಇದು ಆಗ್ತದ,” ಎಂದರು ಶೀಲಕ್ಕ. ಅವರ ಬಾಯಲ್ಲಿ ಅಷ್ಟು ದೊಡ್ಡ ಹೊಗಳಿಕೆಯನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಆಮೇಲೆಯೂ ಕೇಳಿಲ್ಲ.

ಹಳೆಯ ಕೆಲಸವನ್ನೆಲ್ಲ ಇನ್ನೊಂದು ಡಿಸ್ಕಿಗೆ ತುಂಬಿ ಅಂಗಡಿಯಲ್ಲೇ ಇಟ್ಟೆ. ಆಮೇಲೆ ಸಿಪಿಯುವಿನ ತಗಡಿನ ಮೈಯನ್ನು ಬಿಚ್ಚಿ, ಒಳಗಿನದನ್ನು ಒಂದೊಂದಾಗಿ ಪೆಟ್ಟಿಗೆಯೊಳಗೆ ಮಲಗಿಸಿದೆ. ದೊಡ್ಡ ಬೋರ್ಡಿಗೆ ಸ್ಕ್ರೂ ಹಾಕಿದೆ. ಹಾರ್ಡ್‌ಡಿಸ್ಕಿನ ಸರದಿ ಬಂದಾಗ ಸ್ಕ್ರೂ ಮುಗಿದಿದ್ದವು, ಹಾರ್ಡ್‌ವೇರ್ ಅಂಗಡಿಗೆ ಹೋಗಿ ತರಲು ಬೇಸರ. ಒಂದು ರಟ್ಟಿನ ಮೇಲಿಟ್ಟು ಟೇಪು ಸುತ್ತಿದೆ. ಕಂಪ್ಯೂಟರು ಚಾಲೂ ಆಯಿತು. ಬಾಜಾಪೆಟ್ಟಿಗೆಯ ಹೊಟ್ಟೆಯಲ್ಲಿ ಗಾಳಿ ಗುಂಯ್ ಎಂದಿತು. ನಾನು ಹಿಗ್ಗಿ ಫೋಟೊ ತೆಗೆದು ಸ್ಟೇಟಸ್ ಹಾಕಿದೆ. ಅದನ್ನು ಮೊದಲು ನೋಡಿದವನು ಕುನಾಲ. ಕೈಮುಗಿಯುವ ಚಿತ್ರ ಕಳಿಸಿ, ‘ಯಾವ ರಾಗ?’ ಎಂದು ಕೇಳಿದ್ದ.

ಸೋಮವಾರ ಬಸ್‌ಸ್ಟ್ಯಾಂಡಿನಲ್ಲಿ ಕಮಲಾಪುರದ ಮೇಲೆ ಹೋಗುವ ಹುಮನಾಬಾದ ಬಸ್ಸು ಇನ್ನೂ ನಿಂತಿರಲಿಲ್ಲ, ಮಂದಿ ಓಡತೊಡಗಿದ್ದರು. ಇಲ್ಲಿ ಸೀಟು ಹಿಡಿಯುವ ಕಾಯಿದೆ ಎಲ್ಲರಿಗೂ ಗೊತ್ತು: ಹೊರಗಿನಿಂದಲೇ ಕಿಟಕಿಯೊಳಗೆ ಟವಲ್ ಎಸೆಯಬೇಕು. ಟವಲ್ ಬಿದ್ದ ಸೀಟಿನ ಮೇಲೆ ಸ್ವಂತ ಭಾವನೂ ಕೂರುವಂತಿಲ್ಲ. ನನ್ನ ಬಳಿ ಟವಲ್ ಇರಲಿಲ್ಲ. ಶೀಲಕ್ಕ ಕೌದಿ ಸುತ್ತಿದ ಮಾನಿಟರನ್ನು ಮಗುವಿನಂತೆ ಎದೆಗವಚಿಕೊಂಡು, “ಹಾಕೋ ಏನರ, ಹಾಕೋ!” ಎಂದು ಕೂಗಿದರು. ನಾನು ಬಾಜಾಪೆಟ್ಟಿಗೆಯನ್ನೇ ಎತ್ತಿ ಕಿಟಕಿಯಲ್ಲಿ ತೂರಿಸಿದೆ. ಕಿಟಕಿಯ ಅಳತೆ ತೆಗೆದುಕೊಂಡು ಮಾಡಿಸಿದ ಹಾಗೆ ಅದು ಒಳಗೆ ಹೊಕ್ಕು ಸೀಟಿನ ಮೇಲೆ ಕೂತಿತು.

ಬಾಗಿಲಲ್ಲಿ ನುಗ್ಗಿ, ಆಧಾರ್ ಕಾರ್ಡು ಹಿಡಿದ ಹೆಣ್ಣುಮಕ್ಕಳ ನಡುವೆ ಹಿಂಡಿಸಿಕೊಂಡು ಒಳಗೆ ಬರುವಷ್ಟರಲ್ಲಿ ಸೀಟಿನ ಮೇಲೆ ದೊಡ್ಡ ಮೈಯ ಹಿರಿಯ ಹೆಂಗಸೊಬ್ಬರು ಕೂತಿದ್ದರು. ಪೆಟ್ಟಿಗೆ ಕೆಳಗಿತ್ತು. ಪೆಟ್ಟಿಗೆಯ ಮೇಲೆ ಅವರ ಎರಡೂ ಕಾಲು.

“ಅವ್ವಾರೀ, ಅದು ನಮ್ಮ ಸೀಟ್ರಿ. ಪೆಟ್ಟಿಗಿ ಹಾಕಿದ್ದೆ.”

“ಟವಲ್ ಹಾಕಿದ್ದೇನು?”

“ಇಲ್ರಿ, ಪೆಟ್ಟಿಗಿ…”

“ಟವಲ್ ಹಾಕಿದ್ರ ಸೀಟು. ಪೆಟ್ಟಿಗಿ ಹಾಕಿದ್ರ ಲಗೇಜು. ಲಗೇಜಿನ ಜಾಗಾ ಯಾವ್ದು? ಕೆಳಗ. ಇಳಿಸೀನಿ.”

“ಹೆಂಗ ಇಳಿಸಿದ್ರಿ?” ಎಂದೆ, ಪೆಟ್ಟಿಗೆಯ ಕಡೆ ಬಗ್ಗಿ.

“ಹೆಂಗ ಇಳಸ್ತಾರ? ಕೈ ಬಿಟ್ಟೆ, ಇಳೀತು.”

ಕಂಡಕ್ಟರನನ್ನು ಕರೆದೆ. ಅವನು ನ್ಯಾಯವನ್ನು ನಿಂತಲ್ಲೇ ಮುಗಿಸಿದ: “ಆಯಿ ಬರೋಬರಿ ಹೇಳ್ಯಾರ. ಲಗೇಜ್ ಟಿಕೆಟ್ ತೊಗೊ.”

ಅಷ್ಟರಲ್ಲಿ ಶೀಲಕ್ಕ ಬಂದರು. “ಕಾಲ ತೆಗೀರಿ ಅದರ ಮ್ಯಾಲಿಂದ.”

“ಯಾಕವ್ವ?”

“ಅದರಾಗ ವಿದ್ಯಾ ಅದ.”

“ಬಾಜಾಪೆಟ್ಟಿಗ್ಯಾಗ ವಿದ್ಯಾ ಎಲ್ಲಿಂದ ಬಂತು, ಭಜನಿ ಇರ್ತದ. ಭಜನಿ ಮಂದಿ ಇಷ್ಟು ಸಿಟ್ಟಿಲೆ ಇರ್ತಾರೇನು? ನಿನ್ನ ಹಾಡ ಕೇಳಿ ದೇವರು ಎದ್ದು ಓಡಿ ಹೋಗ್ಯಾನ.”

“ನಿಮ್ಮ ಭಾರಕ್ಕ ಬಸ್ಸು ಓಡಿದ್ರ ಸಾಕು.”

ಇಡೀ ದಾರಿ ಇಬ್ಬರೂ ಬಿಡಲಿಲ್ಲ. ಒಬ್ಬರು ಉಸಿರೆಳೆದುಕೊಳ್ಳುವಾಗ ಇನ್ನೊಬ್ಬರು ಬೈದರು. ಹಿಂದಿನ ಸೀಟಿನವರು ಕಿವಿಗೆ ಹಾಕಿಕೊಂಡಿದ್ದ ಹಾಡಿನ ತಂತಿಗಳನ್ನು ತೆಗೆದು ಕೇಳುತ್ತಿದ್ದರು. ಕಾಲು ಮಾತ್ರ ಪೆಟ್ಟಿಗೆಯ ಮೇಲಿಂದ ಏಳಲಿಲ್ಲ.

ಕಮಲಾಪುರದಲ್ಲಿ ಆ ಹೆಂಗಸೂ ಇಳಿದರು. ನಾವು ಹೋಗಬೇಕಾದ ಓಣಿಗೇ ಮುಂದೆ ನಡೆದರು. ನಾವು ನಿಂತರೆ ತಿರುಗಿ ನೋಡಿ, “ಬೆನ್ನ ಹತ್ತೀರೇನು? ಸೀಟು ಬಸ್ಸಿನಾಗೇ ಬಿಟ್ಟು ಬಂದೀನಿ, ಹೋಗಿ ಕೂಡ್ರಿ,” ಎಂದರು. ದೌಲಪ್ಪನವರ ಮನೆಯ ಬಾಗಿಲಲ್ಲಿ ಅವರು ಒಳಗೆ ಹೋದರು. ದೌಲಪ್ಪ ಎದ್ದುಬಂದು ಅವರ ಕಾಲಿಗೆ ಬಿದ್ದು, “ಬಾ ಬಂಡೆಮ್ಮಕ್ಕ,” ಎಂದರು. ಮನೆಯ ಹಿರಿಯ ಮಗಳು, ಕಲಬುರಗಿಗೆ ಕೊಟ್ಟವರು, ಅಣ್ಣತಮ್ಮಂದಿರಿಬ್ಬರಿಗಿಂತಲೂ ದೊಡ್ಡವರು.

ಶೀಲಕ್ಕ ನನ್ನ ಕಡೆ ನೋಡಿದರು. ಟವಲ್ ಇಲ್ಲದ ಮನುಷ್ಯನನ್ನು ಹೇಗೆ ನೋಡಬೇಕೋ ಹಾಗೆ.

ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ಈ ಗೋಡೆಗೆ ಒರಗಿ ದೌಲಪ್ಪ, ಆ ಗೋಡೆಗೆ ಒರಗಿ ಅವರ ಅಣ್ಣ ಮಹಾದೇವಪ್ಪ. ನಡುವೆ ಒಂದು ತಾಟು ಕೆಂಪು ಬಾಳೆಹಣ್ಣು, ಯಾರೂ ಮುಟ್ಟಿರಲಿಲ್ಲ. ಮೊದಲು ಕೈಚಾಚಿದವರು ಸೋತಂತೆ ಎಂದು ಇಬ್ಬರೂ ತೀರ್ಮಾನಿಸಿದ ಹಾಗಿತ್ತು. ಹಣ್ಣಿನ ಪಕ್ಕದಲ್ಲಿ ಕುನಾಲ ತನ್ನ ಲ್ಯಾಪ್‌ಟಾಪ್ ತೆರೆದು ಕೂತಿದ್ದ.

“ಬರ್ರಿ ಅಕ್ಕೋರೆ,” ಎಂದ, ಎದ್ದು ನಿಂತು. ಕಲಿಸಿದವರಿಗೆ ಕೊಡುವ ಮರ್ಯಾದೆಯ ಮಾತೇ. ಆದರೆ ಅದರೊಳಗೆ ಒಂದು ಮುಳ್ಳನ್ನು ನೀಟಾಗಿ ಇಟ್ಟಿದ್ದ. “ಭಜನಿ ಯಾವಾಗ ಶುರು?”

ಶೀಲಕ್ಕ ಅವನ ಮುಖ ನೋಡಿದರು. ಕುನಾಲನ ಹಣೆಯ ಮೇಲೆ ಬೆವರಿರುವುದು ಅವರಿಗೂ ಕಂಡಿತ್ತು, ನನಗೂ ಕಂಡಿತ್ತು. ಮುಂಜಾನೆಯಿಂದ ಅವನು ಒಂದು ಹೆಸರನ್ನೂ ದಾಟಿರಲಿಲ್ಲ. ಅವನ ಪರದೆ ಎದುರು ಕೂತವರಿಗಷ್ಟೇ ಕಾಣುವಂಥದ್ದು, ಓರೆಯಿಂದ ನೋಡಿದರೆ ಬರೀ ಕತ್ತಲೆ. ದೌಲಪ್ಪನ ಕಡೆ ತಿರುಗಿಸಿದರೆ ಮಹಾದೇವಪ್ಪ, “ಏ, ಅಲ್ಲೇನು ತಿದ್ದಿದಿ?” ಎನ್ನುತ್ತಿದ್ದರು. ಮಹಾದೇವಪ್ಪನ ಕಡೆ ತಿರುಗಿಸಿದರೆ ದೌಲಪ್ಪ, “ಅಂವಗ ಏನು ತೋರಿಸಿದಿ?” ಎನ್ನುತ್ತಿದ್ದರು. ತಿರುಗಿಸಿ ತಿರುಗಿಸಿ ಲ್ಯಾಪ್‌ಟಾಪು ಬೀಸುಕಲ್ಲಾಗಿತ್ತು.

“ಸರಿ,” ಎಂದು ಶೀಲಕ್ಕ ಕೌದಿ ಬಿಚ್ಚಿದರು. ನಮ್ಮ ಅಗಲವಾದ ಮಾನಿಟರನ್ನು ನಾನು ಕಟ್ಟೆಯ ಮೇಲೆ ಏರಿಸಿದೆ. ಇಡೀ ಪಡಸಾಲೆ ಅದರ ಮುಂದೆ ಸರಿದು ಕೂತಿತು. ತಂತಿ ಜೋಡಿಸಿ, ಬಾಜಾಪೆಟ್ಟಿಗೆಯ ಗುಂಡಿ ಒತ್ತಿದೆ. ಫ್ಯಾನು ತಿರುಗಿತು. ಪರದೆಯ ಮೇಲೆ ಎರಡು ಸಾಲು ಬಿಳಿ ಅಕ್ಷರ ಬಂದು ನಿಂತವು. ಡಿಸ್ಕ್ ಸಿಗುತ್ತಿಲ್ಲವಂತೆ. ಒಳಗಿನಿಂದ ಕಟ್, ಕಟ್, ಕಟ್ ಎಂದು ಸದ್ದು.

“ಬಾಜಾ ಬಂತು, ತಾಳನೂ ಬಂತು,” ಎಂದ ಕುನಾಲ. “ಹಾಡವರು ಎಲ್ಲಿ?”

ಮುಚ್ಚಳ ತೆಗೆದು ನೋಡಿದೆ. ನನ್ನ ಟೇಪು ಹರಿದಿತ್ತು. ಡಿಸ್ಕು ರಟ್ಟಿನ ಜೊತೆಗೇ ಕಿತ್ತು ಮೂಲೆಗೆ ಬಡಿದು ಬಿದ್ದಿತ್ತು. ತಂತಿಯನ್ನು ಮತ್ತೆ ಸಿಕ್ಕಿಸಿದೆ. ಕಟ್, ಕಟ್.

“ಸ್ಕ್ರೂ ಹಾಕಿಲ್ಲೇನು?” ಶೀಲಕ್ಕನ ದನಿ ಬಹಳ ಮೆಲ್ಲಗಿತ್ತು. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

“ಟೇಪ್ ಹಾಕಿದ್ದೆ ಅಕ್ಕಾರೀ.”

“ಆ ಹುಡುಗಂದು ಹಣೀಬರಾನೇ ಹಂಗ ಅದ,” ಎಂದರು ಬಂಡೆಮ್ಮ. “ಟವಲ್ ಹಾಕೂ ಕಡಿ ಪೆಟ್ಟಿಗಿ ಹಾಕ್ತಾನ, ಮೊಳಿ ಹಾಕೂ ಕಡಿ ಟೇಪ್ ಹಾಕ್ತಾನ.”

ಪಡಸಾಲೆ ನಕ್ಕಿತು. ಅಣ್ಣತಮ್ಮಂದಿರು ಒಟ್ಟಿಗೆ ನಕ್ಕದ್ದು ಅದೊಂದೇ ಸಲ.

ನಗೆ ನಿಂತ ಮೇಲೆ ಉಳಿದದ್ದು ಇಷ್ಟು: ನಮ್ಮ ಬಳಿ ಎಲ್ಲರಿಗೂ ಕಾಣುವ ಪರದೆ ಇತ್ತು, ಕಂಪ್ಯೂಟರು ಇರಲಿಲ್ಲ. ಕುನಾಲನ ಬಳಿ ಕಂಪ್ಯೂಟರಿತ್ತು, ಎಲ್ಲರಿಗೂ ಕಾಣುವ ಪರದೆ ಇರಲಿಲ್ಲ. ಶೀಲಕ್ಕನಿಗೂ ಕುನಾಲನಿಗೂ ಅದು ಒಂದೇ ಗಳಿಗೆಯಲ್ಲಿ ಹೊಳೆದದ್ದು ಅವರ ಮುಖದಲ್ಲಿ ಕಂಡಿತು. ಒಬ್ಬರು ಮಾನಿಟರ್ ನೋಡುತ್ತಿದ್ದರು, ಇನ್ನೊಬ್ಬ ಬಾಳೆಹಣ್ಣು ನೋಡುತ್ತಿದ್ದ.

“ನಮ್ಮ ಮಾನಿಟರ್ ಅವನ ಲ್ಯಾಪ್‌ಟಾಪಿಗೆ ಹಚ್ಚಬಹುದ್ರಿ,” ಎಂದೆ. ಹೇಳಿದೆನಲ್ಲ, ಬಾಯಿ ಮುಚ್ಚುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. ಆಗ ಇಬ್ಬರೂ ನನ್ನನ್ನು ನೋಡಿದ ನೋಟವನ್ನು ಕಾಯಿಸಿದ್ದರೆ ಅದರ ಮೇಲೆ ರೊಟ್ಟಿ ಬೇಯುತ್ತಿತ್ತು.

“ಹಚ್ಚು,” ಎಂದರು ದೌಲಪ್ಪ. ಹಚ್ಚಿದೆ. ಕುನಾಲನ ಲ್ಯಾಪ್‌ಟಾಪು ಹಳೆಯದಾದ್ದರಿಂದ ನಮ್ಮ ತಂತಿಯ ನೀಲಿ ಮೂತಿ ಸರಿಯಾಗಿ ಕೂತಿತು. ಶೀಲಕ್ಕ ತಮ್ಮ ಕೀಬೋರ್ಡನ್ನು ಪೆಟ್ಟಿಗೆಯಿಂದ ಬಿಚ್ಚಿ, ಲ್ಯಾಪ್‌ಟಾಪಿಗೆ ತಾವೇ ಚುಚ್ಚಿ ಮುಂದೆ ಎಳೆದುಕೊಂಡರು. ಕುನಾಲ ತನ್ನ ಲ್ಯಾಪ್‌ಟಾಪಿನ ಮೇಲೆ ಕೈಯಿಟ್ಟ, “ನಾ ಹೊಡೀತೀನ್ರಿ,” ಎಂದ.

“ನಿನಗ ಹೊಡೀಲಾಕ ಕಲಸಿದವರು ಯಾರು?”

“ನೀವೇ. ಕುರ್ಚಿ ಬಿಟ್ಟು ಎಲ್ಲಾ ಕಲಸೀರಿ.”

“ಇಲ್ಲಿ ಕುರ್ಚಿ ಇಲ್ಲ. ಸರಿ.”

ಅವನು ಒಂದು ಗೇಣು ಸರಿದ. ಅದಕ್ಕಿಂತ ಹೆಚ್ಚು ಸರಿಯಲಿಲ್ಲ. ಹೀಗೆ, ಡೆಸ್ಕ್‌ಟಾಪನ್ನು ಹೊತ್ತೊಯ್ಯುವಂತೆ ಮಾಡಲು ಹೋದ ನಾನು ಒಂದು ಲ್ಯಾಪ್‌ಟಾಪನ್ನು ಅಲುಗದಂತೆ ಮಾಡಿ ಪಕ್ಕದಲ್ಲಿ ಕೂತೆ.

ಕೀಬೋರ್ಡು ಬಡಿಯತೊಡಗಿತು. ಅಜ್ಜಂದಿರ ಹೆಸರುಗಳು ಸುಸೂತ್ರ ಮುಗಿದವು, ಸತ್ತವರು ಜಗಳ ಮಾಡುವುದಿಲ್ಲ. ಬದುಕಿದವರಲ್ಲಿ ಯಾರದು ಮೊದಲು ಎಂಬಲ್ಲಿ ಬೆರಳು ನಿಂತಿತು.

“ಹಿರಿಯಾಂವ ನಾ,” ಎಂದರು ಮಹಾದೇವಪ್ಪ.

“ಮಗಳು ನನ್ನಾಕಿ,” ಎಂದರು ದೌಲಪ್ಪ.

“ಮಗಳು ನಿನ್ನಾಕಿ ಇದ್ರ ಮನೆತನ ನಿಂದೊಬ್ಬಂದೇನು?”

ದನಿಗಳು ಏರಿದವು. ಗೋಡೆ ಕಟ್ಟಿದವರು ಯಾರು, ಕಟ್ಟಿಸಿದವರು ಯಾರು, ತೋಟಕ್ಕೆ ನೀರು ತಿರುಗಿಸಿದವರು ಯಾರು, ಎಲ್ಲವೂ ಬಂತು. ಶೀಲಕ್ಕ ಅಂಗೈಯಿಂದ ಕಟ್ಟೆಯನ್ನು ಬಡಿದರು.

“ಬಾಯಿ ಮುಚ್ರಿ ಇಬ್ಬರೂ! ನಿಮ್ಮ ತೋಟದ ನೀರು ಕಾರ್ಡಿನಾಗ ಹರೀತದೇನು? ಚಪ್ಪರ ಯಾರ ಅಂಗಳದಾಗ ಬೀಳ್ತದ?”

“ನಮ್ಮ ಅಂಗಳದಾಗ,” ಎಂದರು ದೌಲಪ್ಪ.

“ಹಂಗಾರ ನಿಮ್ಮ ಹೆಸರು ಮದ್ಲ. ಮಹಾದೇವಪ್ಪೋರೆ, ಹಂಗ ನೋಡಬ್ಯಾಡ್ರಿ. ನಿಮ್ಮ ಮಗನ ಲಗ್ನದಾಗ ನಿಮ್ಮದೇ ಮದ್ಲ ಇತ್ತು, ಇದೇ ಬೆರಳಲೆ ಹಾಕೀನಿ. ಅವಾಗ ಚಪ್ಪರ ನಿಮ್ಮ ಅಂಗಳದಾಗಿತ್ತು. ಅಂಗಳದವರು ಮದ್ಲ, ಉಳದವರು ವಯಸ್ಸಿನ ಪ್ರಕಾರ. ಇದಕ್ಕ ಒಪ್ಪದವರು ಎದ್ದು ಹೋಗ್ರಿ.”

ಯಾರೂ ಏಳಲಿಲ್ಲ. ಇಪ್ಪತ್ತು ವರ್ಷದಿಂದ ಕಮಲಾಪುರ ಗಾಜಿಪುರಕ್ಕೆ ಬರುತ್ತಿದ್ದದ್ದು ಅಕ್ಷರಕ್ಕಲ್ಲ, ಈ ಬೈಗುಳಕ್ಕೆ ಎಂದು ನನಗೆ ಅನ್ನಿಸಿತು. ಎಲ್ಲರನ್ನೂ ಸಮನಾಗಿ ಬೈಯುವವರು ಆ ಮನೆಗೆ ಬೇರೆ ಯಾರೂ ಇರಲಿಲ್ಲ.

“ನಂದೆಲ್ಲಿ?” ಎಂದರು ಬಂಡೆಮ್ಮ.

ಶೀಲಕ್ಕ ಪರದೆಯಿಂದ ಕಣ್ಣು ತೆಗೆಯಲಿಲ್ಲ. “ಟವಲ್ ಹಾಕೀರೇನು?”

ಪಡಸಾಲೆಗೆ ಇದು ತಿಳಿಯಲಿಲ್ಲ. ಬಂಡೆಮ್ಮನಿಗೆ ತಿಳಿಯಿತು. ಅವರ ಕಣ್ಣು ಕಿರಿದಾಯಿತು. ಆದರೆ ಶೀಲಕ್ಕ ಅಷ್ಟರಲ್ಲೇ ‘ಬಂ-ಡೆ-ಮ್ಮ’ ಎಂದು ಓದುತ್ತ ಬಡಿದು, ದೌಲಪ್ಪನ ಕೆಳಗೆ, ಮಹಾದೇವಪ್ಪನ ಮೇಲೆ ಕೂರಿಸಿಬಿಟ್ಟಿದ್ದರು. ಹೆಣ್ಣುಮಕ್ಕಳ ಹೆಸರು ಆ ಮನೆಯ ಕಾರ್ಡಿನ ಹಿರಿಯರ ಸಾಲಿನಲ್ಲಿ ಆವರೆಗೆ ಬಂದಿರಲಿಲ್ಲ. ಮಹಾದೇವಪ್ಪ ಬಾಯಿ ತೆರೆದರು. “ವಯಸ್ಸಿನ ಪ್ರಕಾರ ಅಂದೀನಿ,” ಎಂದು ಶೀಲಕ್ಕ ಅದನ್ನು ಮುಚ್ಚಿಸಿದರು.

ಅಳಿಯಂದಿರು, ಬೀಗರು, ಮಕ್ಕಳು ಎಲ್ಲ ಮುಗಿದು ಬೆರಳು ತೀರ ಕೆಳಗೆ ಬಂತು. ರೂಢಿಯ ಬೆರಳು, ನಿಲ್ಲಲಿಲ್ಲ. ‘ಅಕ್ಷರ ಜೋಡಣೆ: ಶೀಲಾ ಕಂ…’

“ಅಕ್ಕೋರೆ,” ಎಂದ ಕುನಾಲ. “ಮಷೀನ್ ನಂದು.”

“ಬೆರಳು ನಂದು.”

“ಮಷೀನ್ ಬಂದ್ ಮಾಡ್ತೀನಿ. ಬೆರಳು ನೆಲದ ಮ್ಯಾಲ ಹೊಡ್ಕೋರಿ.”

“ಮಾಡು. ಮಾನಿಟರ್ ಕಿತ್ಕೊಂಡು ಹೋಗ್ತೀನಿ. ಮತ್ತ ಬೀಸಕಲ್ಲು ತಿರವಿಕೋತ ಕೂಡು.”

ದೌಲಪ್ಪ ತಲೆ ಹಿಡಿದುಕೊಂಡರು. ಇಬ್ಬರ ಹೆಸರೂ ಹಾಕಿರಿ ಎಂದರು. ಯಾರದು ಮೊದಲು ಎಂದು ಇಬ್ಬರೂ ಒಟ್ಟಿಗೆ ಕೇಳಿದರು. ಆಗ ಬಂಡೆಮ್ಮ ತಾಟಿಗೆ ಕೈಚಾಚಿ ಒಂದು ಬಾಳೆಹಣ್ಣು ಎತ್ತಿಕೊಂಡು, ನಿಧಾನವಾಗಿ ಸುಲಿಯತೊಡಗಿದರು.

“ಈಕಿ ಏನಂದಳು ಈಗ? ಅಂಗಳದವರು ಮದ್ಲ ಅಂದಳು. ಒಪ್ಪದವರು ಎದ್ದು ಹೋಗ್ರಿ ಅಂದಳು. ನನ್ನ ತಮ್ಮ, ಇಷ್ಟು ಮೀಸಿ ಇದ್ದಾಂವ, ಒಪ್ಕೊಂಡು ಕೂತಾನ.” ಸುಲಿದ ಹಣ್ಣಿನಿಂದ ಲ್ಯಾಪ್‌ಟಾಪನ್ನು ತೋರಿಸಿದರು. “ಈ ಹೆಸರೆಲ್ಲಾ ಯಾರ ಅಂಗಳದಾಗ ಕೂತಾವ?”

ಎಲ್ಲರೂ ಕುನಾಲನ ಕಡೆ ತಿರುಗಿದರು. ಮಹಾದೇವಪ್ಪ ಮೀಸೆಯ ಮೇಲೆ ಕೈಯಾಡಿಸಿದರು. ಶೀಲಕ್ಕನ ಕಿವಿಯ ತುದಿ ಕೆಂಪಾಗಿತ್ತು. ಎದ್ದು ಹೋಗುತ್ತಾರೆ ಎಂದುಕೊಂಡು ನಾನು ಕೌದಿ ಹುಡುಕಿದೆ. ಅವರು ಏಳಲಿಲ್ಲ. ತಮ್ಮ ಹೆಸರನ್ನು ಒಂದೊಂದೇ ಅಕ್ಷರವಾಗಿ ಅಳಿಸಿದರು. ಆಮೇಲೆ ಬಡಿದರು, ರೂಢಿಯಂತೆ ಗಟ್ಟಿಯಾಗಿ ಓದುತ್ತ, ಒಂದು ಅಕ್ಷರವನ್ನೂ ನುಂಗದೆ: “ಕು-ನಾ-ಲ ಡಿಜಿಟಲ್ಸ್, ಕಮಲಾಪುರ. ಶೀಲಾ ಕಂಪ್ಯೂಟರ್ಸ್, ಗಾಜಿಪುರ.”

ಕುನಾಲ ಗೆದ್ದವನಂತೆ ಕಾಣಲಿಲ್ಲ. ಏನೋ ಹೇಳಲು, “ಅಕ್ಕೋರೆ…” ಎಂದ.

“ನನ್ನ ಕೀಬೋರ್ಡ್ ಬಿಚ್ಚು,” ಎಂದರು ಶೀಲಕ್ಕ.

ಹೊರಗೆ ಅಂಗಳದಲ್ಲಿ ನಾನು ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದು ಬಗಲಲ್ಲಿ ಮಾನಿಟರು ಹಿಡಿದು ನಿಂತಿದ್ದೆ. ಇಡೀ ಕಾರ್ಡಿನಲ್ಲಿ ನನ್ನ ಹೆಸರಿಗೆ ಮಾತ್ರ ಜಗಳವಾಗಿರಲಿಲ್ಲ. ಮಹಾದೇವಪ್ಪ ಚಪ್ಪಲಿ ಮೆಟ್ಟಿಕೊಳ್ಳುವ ನೆವದಲ್ಲಿ ಬಂದು, ತಮ್ಮನ ಮನೆಯ ಬಾಗಿಲ ಕಡೆ ಒಂದು ಕಣ್ಣಿಟ್ಟು, ದನಿ ತಗ್ಗಿಸಿದರು.

“ಶೀಲವ್ವ, ಮುಂದಿನ ತಿಂಗಳ ನಮ್ಮ ಮೊಮ್ಮಗಂದು ತೊಟ್ಟಲಕ್ಕ ಹಾಕೂದದ. ನಮ್ಮ ಅಂಗಳದಾಗ. ನೀನೇ ಬಾ. ಆ ಹುಡುಗನ ಮಷೀನ್ ನನ್ನ ಹೊಸ್ತಲಾ ದಾಟಬಾರದು. ದೌಲ್ಯಾ ಮಾಡಿಸಿದ್ದು ನನಗ ಬ್ಯಾಡ.”

ಶೀಲಕ್ಕ ಹೂಂ ಎಂದರಷ್ಟೇ.

ಬಸ್ಸು ಬಂದಾಗ ಅವರೇ ಓಡಿದರು. ಸೊಂಟದಿಂದ ಕರ್ಚೀಫು ಕಿತ್ತು ಕಿಟಕಿಯೊಳಗೆ ಎಸೆದು, ಒಳಗೆ ಬಂದು ಅದರ ಮೇಲೆ ಕೂತರು. ನಾನು ಪಕ್ಕದಲ್ಲಿ ನಿಂತೆ. ಬಸ್ಸು ಊರು ಬಿಡುವತನಕ ಬೈಗುಳಕ್ಕೆ ಕಾದೆ, ಬರಲಿಲ್ಲ.

“ವಿವ್ಯಾ.”

“ರೀ.”

“ಹೊಸಾ ಡಿಸ್ಕ್ ಹಾಕು. ನಾಕೂ ಮೂಲಿಗಿ ಸ್ಕ್ರೂ. ಟೇಪ್ ಕಂಡ್ರ ನಿನ್ನೂ ಆ ಪೆಟ್ಟಿಗ್ಯಾಗ ಹಾಕಿ ಮೊಳಿ ಬಡೀತೀನಿ.” ಕಿಟಕಿಯ ಹೊರಗೆ ಬಾಳೆಯ ತೋಟಗಳು ಹಿಂದಕ್ಕೆ ಹೋಗುತ್ತಿದ್ದವು. ಅವರು ಅವನ್ನು ನೋಡುತ್ತಲೇ ಹೇಳಿದರು: “ಕೆಳಗ ಗಾಲಿ ಹಚ್ಚು. ಈ ಸಲ ಅಂಗಳ ನಂದಿರಬೇಕು.”